ಪೈಪ್ ಮುಟ್ಟುವಷ್ಟೇ ತೋಟ

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಬೀದಿ ಕೊನೆಗೆ ಪಾರ್ಕಿಗೆ ಅಂತ ಬಿಟ್ಟ ಜಾಗ ಇದೆ. ಪಾರ್ಕ್ ಇದ್ದದ್ದು ಲೇಔಟ್ ನಕ್ಷೆಯಲ್ಲಿ ಮಾತ್ರ. ನೆಲದ ಮೇಲೆ ಇದ್ದದ್ದು ಹಳೇ ಮನೆ ಕೆಡವಿದ ಕಲ್ಲುಮಣ್ಣು, ಹರಿದ ಹಾಸಿಗೆ, ಎದೆಮಟ್ಟ ಪಾರ್ಥೇನಿಯಂ.

ಇಂಥ ಜಾಗ ಹಸನು ಮಾಡಿ ಗಿಡ ನೆಡೋಕೆ ಕೈ ಹಾಕೋ ಮುಂಚೆ ಅದು ಯಾರದ್ದು ಅಂತ ನೋಡಿಕೊಳ್ಳಿ. ಖಾಸಗಿ ಸೈಟಾದರೆ ಬೇಡ. ಓನರ್ ಮನೆ ಕಟ್ಟಿಸೋಕೆ ಬಂದ ದಿನ ನಿಮ್ಮ ಮರ ಹೋಯ್ತು ಅಂತಲೇ ಲೆಕ್ಕ. ಪಾರ್ಕ್ ಜಾಗ ಕಾಪಾಡೋಕೆ 1985ರ ರಾಜ್ಯ ಕಾಯ್ದೆ ಇದೆ. ನಕ್ಷೆಯ ಪ್ರತಿ ಇಟ್ಟು, ಬೀದಿಯವರ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಟ್ಟೆವು. ಕಲ್ಲುಮಣ್ಣು ಎತ್ತಲು ಟ್ರ್ಯಾಕ್ಟರ್ ಬಂತು. ಉಳಿದದ್ದು ನಮ್ಮ ಪಾಲಿಗೆ.

ಪಾರ್ಥೇನಿಯಂ ಕತ್ತರಿಸಿದರೆ ಮತ್ತೆ ಚಿಗುರುತ್ತೆ. ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡೋ ಮುಂಚೆ, ಬೇರು ಸಮೇತ ಕೀಳಬೇಕು. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತೆ. ತುಂಬುತೋಳಿನ ಅಂಗಿ, ಗ್ಲೌಸ್, ಮೂಗಿಗೆ ಬಟ್ಟೆ ಕಡ್ಡಾಯ. ಇಲ್ಲದಿದ್ರೆ ತುರಿಕೆ, ಕೆಲವರಿಗೆ ಉಬ್ಬಸ. ಕಿತ್ತ ಜಾಗಕ್ಕೆ ತಗಚೆ ಬೀಜ ಎರಚಿದೆವು. ಅದು ದಟ್ಟವಾಗಿ ಎದ್ದರೆ ಪಾರ್ಥೇನಿಯಂಗೆ ಜಾಗ ಸಿಗಲ್ಲ. (ಎಳೇ ತಗಚೆ ಸೊಪ್ಪಿನ ಪಲ್ಯ ಚೆನ್ನಾಗಿರುತ್ತೆ, ನಿಜ. ಆದರೆ ಕಸ ಬಿದ್ದ ನೆಲದ್ದು ಬೇಡ.)

ಇನ್ನು ಗಿಡ. ಜೂನ್‌ನಲ್ಲಿ ಎಲ್ಲರೂ ನೆಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮಲೆನಾಡಲ್ವಾ, ಮಳೆ ನೋಡಿಕೊಳ್ಳುತ್ತೆ ಅನ್ನೋ ಧೈರ್ಯ. ಶಿವಮೊಗ್ಗ ಇರೋದು ಮಲೆನಾಡಿನ ಬಾಗಿಲಲ್ಲಿ. ಆಗುಂಬೆ ಮಳೆ ಇಲ್ಲಿ ಎಲ್ಲಿ ಬರಬೇಕು? ಫೆಬ್ರವರಿಯಿಂದ ಮೇ ತನಕ ಎಳೇ ಗಿಡಕ್ಕೆ ನಾವೇ ಗತಿ. ಹಾಗಾಗಿ ನಾನು ಮೊದಲು ಅಳೆದದ್ದು ಸುತ್ತಲಿನ ಮನೆಗಳ ನಲ್ಲಿಯಿಂದ ಪೈಪ್ ಎಲ್ಲಿವರೆಗೆ ಬರುತ್ತೆ ಅಂತ. ಪೈಪ್ ಮುಟ್ಟೋ ಅಂಚಿನಲ್ಲಷ್ಟೇ ಹೊಂಗೆ, ನೇರಳೆ, ರಂಜಲು, ಹೊಳೆದಾಸವಾಳ ನೆಟ್ಟೆವು. ಸಸಿ ಅರಣ್ಯ ಇಲಾಖೆ ನರ್ಸರಿಯದ್ದು, ರೇಟು ಕಮ್ಮಿ.

ನೀರು ಕೇಳೋಕೆ ಹೋದರೆ ಮೂಲೆಮನೆ ಅಜ್ಜಿ, "ಸಂಪಿಗೆ ಹಾಕದಿದ್ರೆ ನಮ್ಮನೆ ನಲ್ಲಿ ಮುಟ್ಟಬೇಡ ನೋಡಪ್ಪಾ" ಅಂದರು. ಹಾಕಿದೆವು. ಅದೀಗ ಅವರ ಗಿಡ; ಬೀದಿಯಲ್ಲಿ ಅದಕ್ಕೆ ಸಿಗೋ ಉಪಚಾರ ಬೇರೆ ಯಾವುದಕ್ಕೂ ಇಲ್ಲ. ಆಮೇಲೆ ಎಲ್ಲಾ ಮನೆಗೂ ಇದೇ ಕ್ರಮ: ಗಿಡ ನಿಮ್ಮಿಷ್ಟ, ನೀರು ನಿಮ್ಮದು. ಬೀದಿಯಲ್ಲಿ ಗುಡಿಸಿ ಸುಡುತ್ತಿದ್ದ ದರಗನ್ನೂ ಬುಡಕ್ಕೇ ಹಾಕಿಸಿದೆ. ದಪ್ಪಗೆ ಹೊದಿಸಿದರೆ ಏಪ್ರಿಲ್‌ನಲ್ಲೂ ಅಡಿಯ ಮಣ್ಣು ತಣ್ಣಗಿರುತ್ತೆ, ನೀರು ಕಮ್ಮಿ ಸಾಕು.

ಕಸ ಸುರಿಯೋದು ಬೋರ್ಡ್ ಹಾಕಿದರೆ ನಿಲ್ಲಲ್ಲ. ಸುರಿಯುತ್ತಿದ್ದ ಮೂಲೆಯಲ್ಲೇ ಕಲ್ಲುಬೆಂಚು ಹಾಕಿ ಲೈಟ್ ಹಾಕಿಸಿದೆವು. ಸಂಜೆ ನಾಲ್ಕು ಜನ ಕೂತ ಮೇಲೆ ಚೀಲ ಹಿಡಿದು ಬಂದವರು ಸುಮ್ನೆ ವಾಪಸ್ ಹೋಗತೊಡಗಿದರು.

ಒತ್ತೊತ್ತಾಗಿ ನೆಡೋ ಮಿಯಾವಾಕಿ ಮಾಡೋಣ ಅಂತ ಕೆಲವರು ಹೇಳಿದರು. ಚದರ ಮೀಟರಿಗೆ ಮೂರ್ನಾಲ್ಕು ಗಿಡ ಹಾಕಿದರೆ ಕಾಡೇನೋ ಆಗುತ್ತೆ, ಹುಡುಗರು ಎಲ್ಲಿ ಆಡಬೇಕು? ನಡುವಿನ ಜಾಗ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಕ್ರಿಕೆಟ್. ಚೆಂಡು ಸಂಪಿಗೆಗೆ ತಗುಲಿದರೆ ಔಟ್, ಅದು ಅಜ್ಜಿಯ ರೂಲು.