ಯಂತ್ರ ಅದುರುವ ಲೆಕ್ಕ ಬರೆದಿಡುವುದು ಹೇಗೆ?

ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾಗ ನಡೆದದ್ದು ಇದು. ಫೆಬ್ರವರಿ ತಿಂಗಳು. ರೋಬಸ್ಟಾ ಕಾಫಿಯ ಚೆರ್ರಿ, ಅಂದರೆ ಒಣಗಿಸಿದ ಹಣ್ಣಿನ ಮೂಟೆಗಳು ಗೋಡೌನ್ ತುಂಬಿ ಹೊರಗಿನ ಜಗಲಿಗೂ ಬಂದಿದ್ದವು. ರಾತ್ರಿ ಪಾಳಿಯಲ್ಲಿ, ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರ್‌ನ ಪುಲ್ಲಿ ಕಡೆಯ ಬೇರಿಂಗ್ ಜಾಮ್ ಆಯಿತು. ಬಿಚ್ಚಿ ನೋಡಿದರೆ ಶಾಫ್ಟ್ ನೀಲಿಗಟ್ಟಿತ್ತು. ಬೇರಿಂಗ್ ಕೂರುವ ಜಾಗ ಕೊರೆದು ಹೋಗಿತ್ತು. ಬರೀ ಬೇರಿಂಗ್ ಆಗಿದ್ದರೆ ಅರ್ಧ ದಿನದ ಕೆಲಸ. ಶಾಫ್ಟ್ ಹೋದದ್ದರಿಂದ ಮೈಸೂರಿಗೆ ಒಯ್ದು ಹೊಸದು ಮಾಡಿಸಿ ತರಲು ಆರು ದಿನ ಹಿಡಿಯಿತು.

ಎರಡು ವಾರ ಮೊದಲೇ ನಮ್ಮ ಹಿರಿಯ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆ ಬೇರಿಂಗ್ ಗೂಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, "ಸಾರ್, ಇದರ ದನಿ ಬೇರೆ ಉಂಟು" ಎಂದಿದ್ದರು. ನಾನು ಕೈಯಿಟ್ಟು ನೋಡಿದೆ. ಬಿಸಿ ಇರಲಿಲ್ಲ. "ಸೀಸನ್ ಮುಗಿಯಲಿ ಬಿಡಿ" ಎಂದೆ. ತಪ್ಪು ನನ್ನದೇ. ಬೇರಿಂಗ್ ಕೆಡುವಾಗ ಬಿಸಿ ಏರುವುದು ಕೊಟ್ಟಕೊನೆಗೆ. ಅದಕ್ಕೂ ವಾರಗಟ್ಟಲೆ ಮೊದಲೇ ಅದುರು ಬದಲಾಗಿರುತ್ತದೆ. ಮೇಸ್ತ್ರಿಯ ಕಿವಿ ಅದನ್ನು ಹಿಡಿದಿತ್ತು. ಆದರೆ ಕಿವಿಗೆ ಕೇಳಿದ್ದನ್ನು ಮಾಲೀಕರ ಮುಂದೆ ಕಾಗದದಲ್ಲಿ ಇಡಲು ನಮ್ಮ ಹತ್ತಿರ ಹಿಂದಿನ ಒಂದೇ ಒಂದು ಅಂಕಿಯೂ ಇರಲಿಲ್ಲ.

ಆ ಅಂಕಿಯನ್ನು ಬರೆದಿಡುವುದು ಹೇಗೆ ಎಂಬುದೇ ಈ ಲೇಖನ. ಕೊಡಗಿನ ಕುಶಾಲನಗರದ ಕೂಡ್ಲೂರಿನಂಥ ಕಡೆ ಕ್ಯೂರಿಂಗ್ ವರ್ಕ್ಸ್ ನಡೆಸುವವರಿಗೆ, ಅಕ್ಕಿ ಗಿರಣಿ ಇರುವವರಿಗೆ, ತೋಟದಲ್ಲಿ ಪಲ್ಪರ್ (ಹಸಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಪಂಪ್ ಇಟ್ಟುಕೊಂಡವರಿಗೆ, ಎಲ್ಲರಿಗೂ ಆಗುವ ಕೆಲಸ.

ಮೊದಲು ಯಾವ ಯಂತ್ರ?

ಎಲ್ಲ ಮೋಟಾರನ್ನೂ ಅಳೆಯಲು ಹೊರಟರೆ ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತೀರಿ. ಯಾವುದು ನಿಂತರೆ ಇಡೀ ಕೆಲಸ ನಿಲ್ಲುತ್ತದೋ ಅದನ್ನು ಮಾತ್ರ ಆರಿಸಿ. ಕ್ಯೂರಿಂಗ್‌ನಲ್ಲಿ ಹಲ್ಲರ್, ಅದರ ಮೋಟಾರ್, ದೊಡ್ಡ ಬ್ಲೋವರ್. ತೋಟದಲ್ಲಾದರೆ ಸ್ಪ್ರಿಂಕ್ಲರ್ ಪಂಪ್. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ, ಅರ್ಧ ತೋಟಕ್ಕೆ ನೀರು ಬಿದ್ದ ಹೊತ್ತಿಗೆ ಪಂಪ್ ನಿಂತರೆ ಏನಾಗುತ್ತದೆ ಎಂದು ರೋಬಸ್ಟಾ ಬೆಳೆಯುವವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಜರಡಿ, ಗ್ರೇಡರ್, ಗ್ರಾವಿಟಿ ಸೆಪರೇಟರ್‌ಗಳನ್ನು ಸದ್ಯಕ್ಕೆ ಬಿಡಿ. ಅವು ಅದುರಲೆಂದೇ ಮಾಡಿದ ಯಂತ್ರಗಳು. ಮುಂದೆ ಹೇಳುವ ಮಿತಿಗಳು ಅವಕ್ಕೆ ಹೊಂದುವುದಿಲ್ಲ.

ಯಾವ ಮೀಟರ್?

ಪೆನ್ನಿನ ಆಕಾರದ ಅಥವಾ ಕೈಲಿ ಹಿಡಿಯುವ ಸಾದಾ ವೈಬ್ರೇಶನ್ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಅದುರಿನ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು, ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ, 10ರಿಂದ 1000 ಹರ್ಟ್ಸ್ ವರೆಗೆ ತೋರಿಸಬೇಕು. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ. ಇನ್ನೊಂದು, ಅಕ್ಸಲರೇಶನ್, ಅಂದರೆ ಆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನೂ ತೋರಿಸಬೇಕು. ಬೇರಿಂಗ್‌ನ ಗುಂಡುಗಳಲ್ಲಿ ಅಥವಾ ಅವು ಓಡುವ ರಿಂಗುಗಳಲ್ಲಿ ಗಾಯ ಶುರುವಾದಾಗ ಅದು ಬಡಿಯುವುದು ಬಹಳ ಎತ್ತರದ ಹರ್ಟ್ಸ್‌ನಲ್ಲಿ. ವೇಗದ ಅಂಕಿ ಆಗ ಹಾಗೇ ಇರುತ್ತದೆ, ಅಕ್ಸಲರೇಶನ್ ಮಾತ್ರ ಏರುತ್ತದೆ. ನಮ್ಮ ಮೇಸ್ತ್ರಿಗೆ ಕೇಳಿದ್ದು ಅದೇ.

10 ಹರ್ಟ್ಸ್‌ಗಿಂತ ಕೆಳಗಿನದು ಈ ಮೀಟರಿಗೆ ಸರಿಯಾಗಿ ಕಾಣುವುದಿಲ್ಲ. ನಿಮಿಷಕ್ಕೆ 600 ಸುತ್ತಿಗಿಂತ ನಿಧಾನ ತಿರುಗುವ, ಕಾಳು ಮೇಲೆತ್ತುವ ಎಲಿವೇಟರಿನ ಶಾಫ್ಟಿನ ಮೇಲೆ ಇದನ್ನಿಟ್ಟು, ಎಲ್ಲ ಚೆನ್ನಾಗಿದೆ ಎಂದು ನಂಬಬೇಡಿ.

ಎಲ್ಲಿ ಇಡಬೇಕು?

ಪ್ರತಿ ಬೇರಿಂಗ್‌ಗೂ ಮೂರು ದಿಕ್ಕು: ಅಡ್ಡ, ಮೇಲಿಂದ ಕೆಳಕ್ಕೆ, ಮತ್ತು ಶಾಫ್ಟಿನ ಉದ್ದಕ್ಕೆ. ಮೀಟರಿನ ತುದಿ ಬೇರಿಂಗ್ ಕೂತಿರುವ ಎರಕದ ಗೂಡನ್ನೇ ಮುಟ್ಟಬೇಕು. ಮೋಟಾರಿನ ಹಿಂದಿನ ಫ್ಯಾನ್ ಕವರಿನ ತಗಡಿನ ಮೇಲಿಟ್ಟರೆ ಬರುವುದು ತಗಡಿನ ಅದುರು, ಯಂತ್ರದ್ದಲ್ಲ. ಸೆಂಟರ್ ಪಂಚ್‌ನಿಂದ ಸಣ್ಣ ಗುಳಿ ಹೊಡೆದು ಸುತ್ತ ಹಳದಿ ಪೇಂಟ್ ಹಚ್ಚಿ. ಯಾರು ಅಳೆದರೂ ಅದೇ ಗುಳಿಗೆ ತುದಿ ಕೂರಬೇಕು. ಎರಡು ಇಂಚು ಆಚೀಚೆ ಆದರೂ ಅಂಕಿ ಬೇರೆ ಬರುತ್ತದೆ. ಆಮೇಲೆ ಯಂತ್ರ ಬದಲಾಯಿತೋ ಜಾಗ ಬದಲಾಯಿತೋ ಗೊತ್ತಾಗುವುದಿಲ್ಲ.

ಗುಳಿ ಹೊಡೆಯುವುದು, ಪೇಂಟ್ ಹಚ್ಚುವುದು ಎಲ್ಲ ಯಂತ್ರ ನಿಂತಾಗ. ಅಳೆಯಲು ಬೆಲ್ಟ್ ಗಾರ್ಡ್ ತೆಗೆಯುವ ಪ್ರಶ್ನೆಯೇ ಇಲ್ಲ. ಕೈ ಹೋಗದ ಜಾಗ ಇದ್ದರೆ ಆ ಜಾಗ ಬಿಟ್ಟುಬಿಡಿ. ಸೆರಗು, ಶಾಲು, ಸಡಿಲ ತೋಳು ಬಿಗಿದುಕೊಂಡೇ ಹತ್ತಿರ ಹೋಗಬೇಕು.

ಯಾವಾಗ ಅಳೆಯಬೇಕು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಯಂತ್ರ ಚೆನ್ನಾಗಿದ್ದಾಗ ಅಳೆಯಿರಿ. ಶಬ್ದ ಬಂದ ಮೇಲೆ ಮೀಟರ್ ಹುಡುಕುವವರೇ ಜಾಸ್ತಿ. ಆಗ 3.2 ಎಂದು ಬಂದರೆ ಏನು ಅರ್ಥ? ಮೊದಲು 1.1 ಇತ್ತೋ, 3.0 ಇತ್ತೋ?

ನಮ್ಮಲ್ಲಿ ಒಳ್ಳೆಯ ದಿನ ಆಯುಧಪೂಜೆಯ ವಾರ. ಪೂಜೆಗೆಂದು ಹೇಗೂ ಯಂತ್ರ ತೊಳೆದು, ಗ್ರೀಸ್ ಹೊಡೆದು, ಬೋಲ್ಟ್ ಬಿಗಿ ಮಾಡಿರುತ್ತೀರಿ. ಅರೇಬಿಕಾ ಕೊಯ್ಲು ಶುರುವಾಗಲು ಇನ್ನೂ ಸಮಯ ಇರುತ್ತದೆ. ಹಾರ ತೆಗೆದ ಮಾರನೇ ದಿನ ಅರ್ಧ ಗಂಟೆ ಓಡಿಸಿ, ಎಲ್ಲ ಗುಳಿಗಳ ಅಂಕಿ ಬರೆದುಕೊಳ್ಳಿ. ಮುಂದಿನದನ್ನೆಲ್ಲ ಹೋಲಿಸಲು ಇದೇ ತಾಯಿ ಅಂಕಿ. ಕಾಳು ಹಾಕಿ ಓಡಿಸುವಾಗ ಅದುರು ಬೇರೆ ಇರುವುದರಿಂದ, ಸೀಸನ್‌ನ ಮೊದಲ ದಿನ ಲೋಡ್ ಮೇಲೂ ಒಮ್ಮೆ ಅಳೆಯಿರಿ. ಆಮೇಲೆ ವಾರಕ್ಕೊಮ್ಮೆ ಸಾಕು.

ಪುಸ್ತಕದಲ್ಲಿ ತಾರೀಕು, ಗುಳಿಯ ನಂಬರ್, ಅಂಕಿ, ಲೋಡ್ ಇತ್ತೋ ಖಾಲಿಯೋ, ಇಷ್ಟು ಬರೆಯಿರಿ. ಕರೆಂಟಿನಲ್ಲಿ ಓಡುತ್ತಿತ್ತೋ ಜನರೇಟರಿನಲ್ಲೋ ಎಂಬುದನ್ನೂ ಬರೆಯಬೇಕು. ಜನರೇಟರಿನ ಹರ್ಟ್ಸ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಮೋಟಾರಿನ ವೇಗ ಬದಲಾಗಿ ಅಂಕಿ ಜಿಗಿಯುತ್ತದೆ. ಕರೆಂಟ್ ಹೋಗಿಬರುವ ನಮ್ಮೂರಿನಲ್ಲಿ ಇದನ್ನು ಮರೆತು ಸುಮ್ನೆ ಗಾಬರಿಯಾದವರನ್ನು ನೋಡಿದ್ದೇನೆ.

ಎಷ್ಟಾದರೆ ಜಾಸ್ತಿ?

1939ರಲ್ಲಿ ಅಮೆರಿಕದ ಎಂಜಿನಿಯರ್ ಟಿ.ಸಿ. ರಾತ್‌ಬೋನ್, ಯಂತ್ರ ಎಷ್ಟು ಅದುರಿದರೆ ಸರಿ, ಎಷ್ಟಾದರೆ ಅಪಾಯ ಎಂದು ಒಂದು ನಕ್ಷೆ ಪ್ರಕಟಿಸಿದರು. ಅದೇ ದಾರಿಯಲ್ಲಿ ಮುಂದೆ ಬಂದದ್ದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮಾನದಂಡ, 1995ರ ಐಎಸ್‌ಒ 10816. ಈಗ ಅದರ ಜಾಗಕ್ಕೆ ಐಎಸ್‌ಒ 20816 ಬಂದಿದೆ. ಸಣ್ಣ ಘಟಕಗಳಿಗೆ ಹಳೆಯ ಪಟ್ಟಿಯೇ ಸುಲಭ. 15 ಕಿಲೋವ್ಯಾಟ್, ಅಂದರೆ 20 ಎಚ್‌ಪಿ ವರೆಗಿನ ಮೋಟಾರಿಗೆ ಸೆಕೆಂಡಿಗೆ 1.8 ಮಿ.ಮೀ. ವರೆಗೆ ಚಿಂತೆಯಿಲ್ಲ. 1.8ರಿಂದ 4.5ರ ನಡುವೆ ಇದ್ದರೆ ರಿಪೇರಿಗೆ ದಿನ ಗೊತ್ತುಮಾಡಿ. 4.5 ದಾಟಿದರೆ ಓಡಿಸಬೇಡಿ. 15ರಿಂದ 75 ಕಿಲೋವ್ಯಾಟ್‌ನವಕ್ಕೆ ಇದೇ ಗಡಿಗಳು 2.8 ಮತ್ತು 7.1. ಡೀಸೆಲ್ ಎಂಜಿನ್‌ಗೆ ಜೋಡಿಸಿದ ಪಂಪಿಗೆ ಈ ಪಟ್ಟಿ ಬೇಡ. ಅಲ್ಲಿ ಅದರದೇ ಹಳೆಯ ಅಂಕಿಯ ಜೊತೆ ಹೋಲಿಸಿ.

ಗಡಿಯೊಳಗೇ ಇದ್ದರೂ ಏರಿಕೆಯನ್ನು ಬಿಡಬಾರದು. ಚಿಂತೆಯಿಲ್ಲದ ಭಾಗ ಮುಗಿಯುವ ಅಂಕಿಯ ಕಾಲು ಭಾಗದಷ್ಟು ಬದಲಾದರೆ ಕಾರಣ ಹುಡುಕಿ ಎಂದು ಐಎಸ್‌ಒ ಹೇಳುತ್ತದೆ. 30 ಎಚ್‌ಪಿ ಮೋಟಾರಿಗೆ ಅದು 2.8. ಅದರ ಕಾಲು ಭಾಗ 0.7. ಆಯುಧಪೂಜೆಗೆ 0.9 ಇದ್ದದ್ದು ಡಿಸೆಂಬರ್‌ನಲ್ಲಿ 1.7 ಆದರೆ ಪಟ್ಟಿಯ ಪ್ರಕಾರ ಯಂತ್ರ ಚೆನ್ನಾಗಿಯೇ ಇದೆ. ಆದರೂ ನಾನಾಗಿದ್ದರೆ ಅಂದಿನಿಂದ ದಿನಾ ಅಳೆಯುತ್ತೇನೆ.

ಏನು ಕೆಟ್ಟಿದೆ ಎಂದು ತಿಳಿಯುವುದು

ಮದುವೆ ಮನೆಯ ವಾಲಗ ದೂರದಿಂದ ಕೇಳಿದರೂ ಡೋಲು ಯಾವುದು, ಕೊಂಬು ಯಾವುದು ಎಂದು ಕಿವಿ ಬೇರೆ ಮಾಡುತ್ತದೆ. ಯಂತ್ರದ ಅದುರನ್ನು ಹಾಗೆ ಬೇರೆ ಮಾಡಿ, ಯಾವ ಹರ್ಟ್ಸ್‌ನಲ್ಲಿ ಎಷ್ಟು ಎಂದು ತೋರಿಸುವ ಗೆರೆಚಿತ್ರವೇ ಸ್ಪೆಕ್ಟ್ರಂ. ಅದಕ್ಕೆ ಅನಲೈಸರ್ ಬೇಕು. ಸೀಸನ್‌ಗೆ ಒಂದೆರಡು ಸಲ ಅನಲೈಸರ್ ಇರುವವರನ್ನು ಕರೆಸಿದರೂ ನಡೆಯುತ್ತದೆ. ಅವರು ಕೊಡುವ ಚಿತ್ರ ಓದಲು ನಿಮಗೆ ಬೇಕಾದದ್ದು ಒಂದು ಲೆಕ್ಕ.

ನಿಮಿಷದ ಸುತ್ತನ್ನು 60ರಿಂದ ಭಾಗಿಸಿ. 1440 ಸುತ್ತಿನ ಮೋಟಾರಿಗೆ 24 ಹರ್ಟ್ಸ್. 6 ಇಂಚಿನ ಪುಲ್ಲಿಯಿಂದ 12 ಇಂಚಿನ ಪುಲ್ಲಿಗೆ ಬೆಲ್ಟ್ ಹೋಗಿದ್ದರೆ ಹಲ್ಲರ್ ಶಾಫ್ಟ್ 720 ಸುತ್ತು, 12 ಹರ್ಟ್ಸ್. ಈಗ ಗೆರೆ ಎಲ್ಲಿ ಎದ್ದಿದೆ ನೋಡಿ. 12ರಲ್ಲಿ ಎದ್ದರೆ ದೋಷ ಹಲ್ಲರ್ ಕಡೆ, 24ರಲ್ಲಿ ಎದ್ದರೆ ಮೊದಲು ಮೋಟಾರ್ ಕಡೆ ನೋಡಿ.

ಸುತ್ತಿನ ಹರ್ಟ್ಸ್‌ನಲ್ಲೇ ಎದ್ದ ಗೆರೆ, ಅಡ್ಡ ದಿಕ್ಕಿನಲ್ಲಿ ಜೋರಾಗಿದ್ದರೆ ಸಾಮಾನ್ಯವಾಗಿ ತೂಕದ ಏರುಪೇರು. ಕ್ಯೂರಿಂಗ್ ಬ್ಲೋವರ್‌ನಲ್ಲಿ ಇದು ಮಾಮೂಲಿ. ಹೊಟ್ಟಿನ ದೂಳು ಒದ್ದೆಯಾಗಿ ಒಂದು ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಶಾಫ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ಬರೀ 20 ಗ್ರಾಂ ಮೆತ್ತಿದರೂ 1440 ಸುತ್ತಿನಲ್ಲಿ ಅದು ಸುಮಾರು 14 ಕಿಲೋ ತೂಕದಷ್ಟು ಬಲದಿಂದ ಬೇರಿಂಗನ್ನು ಎಳೆಯುತ್ತದೆ, ಸೆಕೆಂಡಿಗೆ 24 ಸಲ. ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ರೆಕ್ಕೆ ಕೆರೆದು ತೊಳೆಯಿರಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎರಡು ಪಟ್ಟಿನಲ್ಲಿ, ಅಂದರೆ 48ರಲ್ಲಿ ಗೆರೆ ಎದ್ದು ಶಾಫ್ಟಿನ ಉದ್ದಕ್ಕೂ ಅದುರು ಜಾಸ್ತಿ ಇದ್ದರೆ ಎರಡು ಶಾಫ್ಟ್ ಜೋಡಿಸುವ ಕಪ್ಲಿಂಗ್ ನೇರ ಇಲ್ಲ. 24, 48, 72, 96 ಎಂದು ಸಾಲಾಗಿ ಗೆರೆ ನಿಂತರೆ ಎಲ್ಲೋ ಸಡಿಲ ಇದೆ. ಫೌಂಡೇಶನ್ ಬೋಲ್ಟ್, ಬಿರುಕು ಬಿಟ್ಟ ಕಾಂಕ್ರೀಟ್, ಅಟ್ಟದ ಮರದ ತೊಲೆ ನೋಡಿ. ಸರಿಯಾಗಿ 100 ಹರ್ಟ್ಸ್‌ನಲ್ಲಿದ್ದರೆ ಕರೆಂಟಿನ ದೋಷ ಇರಬಹುದು, ನಮ್ಮ ಲೈನ್ 50 ಹರ್ಟ್ಸ್, 100 ಅದರ ಎರಡು ಪಟ್ಟು ಆದ್ದರಿಂದ. ಅದಕ್ಕೆ ಸುಲಭ ಪರೀಕ್ಷೆ: ಮೀಟರ್ ಹಿಡಿದುಕೊಂಡೇ ಸ್ವಿಚ್ ಆರಿಸಲು ಹೇಳಿ. ಕರೆಂಟಿನ ಅದುರು ಆ ಕ್ಷಣವೇ ಬೀಳುತ್ತದೆ. ತೂಕದ ಅದುರು ಮೋಟಾರ್ ನಿಧಾನವಾದಂತೆ ಇಳಿಯುತ್ತದೆ.

ಬೇರಿಂಗ್‌ನ ಗೆರೆ ಸುತ್ತಿನ ಹರ್ಟ್ಸ್‌ನ ಎರಡು ಪಟ್ಟು, ಮೂರು ಪಟ್ಟು ಎಂಬ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ಗುರುತು ಹಿಡಿಯುವುದು ಅದರಿಂದಲೇ. ಹೊರ ರಿಂಗಿನ ಗಾಯಕ್ಕೆ ಗುಂಡುಗಳ ಸಂಖ್ಯೆಯನ್ನು 0.4ರಿಂದ, ಒಳ ರಿಂಗಿಗೆ 0.6ರಿಂದ ಗುಣಿಸಿ, ಅದನ್ನು ಸುತ್ತಿನ ಹರ್ಟ್ಸ್‌ನಿಂದ ಗುಣಿಸಿ. 9 ಗುಂಡಿನ 6205 ಬೇರಿಂಗ್ 24 ಹರ್ಟ್ಸ್‌ನಲ್ಲಿ ತಿರುಗಿದರೆ ಸುಮಾರು 86 ಮತ್ತು 130. ಅಂದಾಜು ಲೆಕ್ಕವಾದರೂ ಗುರುತಿಗೆ ಸಾಕು. ಗ್ರೀಸ್ ಹೊಡೆದಾಗ ಶಬ್ದ ಇಳಿದು ಎರಡು ಮೂರು ದಿನದಲ್ಲಿ ಮತ್ತೆ ಬಂದರೆ ಗ್ರೀಸ್ ಕಡಿಮೆಯಾದದ್ದಲ್ಲ, ಗಾಯ ಆಗಿದೆ ಎಂದೇ ತಿಳಿಯಿರಿ.

ಮೊಬೈಲ್ ಸಾಕಾಗದೇ ಎಂದು ಹುಡುಗರು ಕೇಳುತ್ತಾರೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಸ್ಪೆಕ್ಟ್ರಂ ತೋರಿಸುತ್ತದೆ. ಕಲಿಯಲು ಬಹಳ ಒಳ್ಳೆಯದು. ಆದರೆ ಫೋನ್ ಸೆಕೆಂಡಿಗೆ 100 ಸಲ ಅಳೆದರೆ 50 ಹರ್ಟ್ಸ್ ವರೆಗೆ ಮಾತ್ರ ಕಾಣುತ್ತದೆ. ತೂಕದ ಏರುಪೇರು ಸಿಗುತ್ತದೆ, ಬೇರಿಂಗ್ ಸಿಗುವುದಿಲ್ಲ.

ಕೆರೆ ಬದಿಯ ಪಂಪ್

ಮಾರ್ಚ್‌ನಲ್ಲಿ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಶಬ್ದ ಬಂದರೆ ಬೇರಿಂಗ್ ಬಿಚ್ಚಲು ಹೋಗಬೇಡಿ. ಕೆರೆ ನೀರು ಇಳಿದು ಎಳೆಯುವ ಎತ್ತರ ಜಾಸ್ತಿಯಾಗಿರುತ್ತದೆ, ಅಥವಾ ನೀರೊಳಗಿನ ಪೈಪ್ ತುದಿಯ ಫುಟ್‌ವಾಲ್ವ್ ಜಾಲರಿಗೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಿರುತ್ತದೆ. ಆಗ ಒತ್ತಡ ಬಿದ್ದು ನೀರಿನಲ್ಲೇ ಆವಿಯ ಗುಳ್ಳೆಗಳು ಎದ್ದು, ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರ್ ಮೇಲೆ ಒಡೆದು ಲೋಹವನ್ನು ಕೆರೆಯುತ್ತವೆ. ಸ್ಪೆಕ್ಟ್ರಂನಲ್ಲಿ ಒಂದು ಗೆರೆ ಕಾಣುವುದಿಲ್ಲ, ಮೇಲಿನ ಹರ್ಟ್ಸ್‌ಗಳಲ್ಲಿ ಹುಲ್ಲು ಬೆಳೆದಂತೆ ಕಾಣುತ್ತದೆ. ನಮ್ಮೂರು ಎತ್ತರದಲ್ಲಿರುವುದೂ ಇದಕ್ಕೆ ಕಾರಣ. ಕೆರೆ ನೀರನ್ನು ಪಂಪಿನತ್ತ ತಳ್ಳುವುದು ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 9 ಮೀಟರ್‌ನಷ್ಟು ಮಾತ್ರ. ಮಂಗಳೂರಿನಲ್ಲಿ ನಡೆದ ಜೋಡಣೆ ಇಲ್ಲಿ ನಡೆಯದಿರಬಹುದು. ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ, ಜಾಲರಿ ತೊಳೆಯಿರಿ.

ಮಳೆಗಾಲದಲ್ಲಿ

ಜೂನ್‌ನಿಂದ ಯಂತ್ರ ನಿಂತಿರುತ್ತದೆ. ನಿಂತ ಯಂತ್ರ ಕೆಡುವುದಿಲ್ಲ ಎಂದುಕೊಳ್ಳುತ್ತೇವೆ. ನಮ್ಮ ತೇವಕ್ಕೆ ಗುಂಡು ಕೂತ ಜಾಗದಲ್ಲೇ ತುಕ್ಕಿನ ಗೆರೆ ಬೀಳುತ್ತದೆ. ಪಕ್ಕದ ಯಂತ್ರ ಓಡುತ್ತಿದ್ದರೆ ಅದರ ಅದುರಿಗೆ ನಿಂತ ಬೇರಿಂಗ್‌ನಲ್ಲೂ ಸಣ್ಣ ತಗ್ಗು ಆಗುತ್ತದೆ. ವಾರಕ್ಕೊಮ್ಮೆ ಮೇನ್ ಸ್ವಿಚ್ ಆರಿಸಿ, ಫ್ಯೂಸ್ ತೆಗೆದಿಟ್ಟು, ಪುಲ್ಲಿಯನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ, ಹಿಂದಿನ ವಾರಕ್ಕಿಂತ ಬೇರೆ ಜಾಗದಲ್ಲಿ ನಿಲ್ಲಿಸಿ.

ಬೇರಿಂಗ್ ಬದಲಿಸಿದ ದಿನ ಹಳೆಯದನ್ನು ಗುಜರಿಗೆ ಎಸೆಯುವ ಮೊದಲು ಕತ್ತರಿಸಿ ನೋಡಿ. ಹೊರ ರಿಂಗಿನಲ್ಲಿ ಗಾಯ ಇತ್ತೋ, ಒಳ ರಿಂಗಿನಲ್ಲೋ, ಬರೀ ತುಕ್ಕೋ ಎಂದು ಆ ವಾರದ ಅಂಕಿಯ ಪಕ್ಕದಲ್ಲೇ ಬರೆಯಿರಿ. ಹೊಸ ಬೇರಿಂಗಿನ ನಂಬರ್ ಬರೆಯಿರಿ. ಅರ್ಧ ಗಂಟೆ ಓಡಿಸಿ ಮೂರೂ ದಿಕ್ಕಿನಲ್ಲಿ ಅಳೆದು, ಹಳೆಯ ತಾಯಿ ಅಂಕಿಗೆ ಗೆರೆ ಎಳೆದು, ಕೆಳಗೆ ಹೊಸದನ್ನು ತಾರೀಕಿನೊಂದಿಗೆ ಹಾಕಿ.