ಬಂಕ್‌ನಿಂದ ಸೀಟಿಗೆ ಅರ್ಧ ಗಂಟೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಹಾರಾಟ ಅಂದರೆ ಹೆಚ್ಚುಕಡಿಮೆ 17 ಗಂಟೆ. ನಾವು ನಾಲ್ವರು ಪೈಲಟ್‌ಗಳು ಇರುತ್ತೇವೆ. ಇಬ್ಬರು ಹಾರಿಸುವಾಗ ಇನ್ನಿಬ್ಬರಿಗೆ ವಿಶ್ರಾಂತಿ. "ನಾಲ್ಕು ಜನ ಇದ್ದೀರಲ್ಲ, ಆರಾಮಾಗಿ ಮಲಗಬಹುದು ಅಲ್ವಾ?" ಅಂತ ಅಮ್ಮ ಕೇಳುತ್ತಾರೆ. ಮಲಗಲು ಜಾಗವಿದೆ, ನಿಜ. ನಮ್ಮ ಬೋಯಿಂಗ್ 777 ವಿಮಾನದಲ್ಲಿ ಕಾಕ್‌ಪಿಟ್ ಹಿಂದೆ ಮೆಟ್ಟಿಲು ಹತ್ತಿದರೆ ಎರಡು ಬಂಕ್‌ಗಳು. ಆದರೆ ಒಣ ಗಾಳಿ, ಎಂಜಿನ್ ಸದ್ದು, ನಡುನಡುವೆ ಕುಲುಕಾಟ. ಎರಡು ದಿನ ಅಮೆರಿಕದಲ್ಲಿದ್ದು ಬಂದ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಅಂತಲೇ ತಿಳಿದಿರುವುದಿಲ್ಲ.

ಶುರುವಿನ ದಿನಗಳಲ್ಲಿ ಒಂದು ಸಲ ಗಾಢ ನಿದ್ದೆಯಿಂದ ಎಬ್ಬಿಸಿದರು. ಮುಖ ತೊಳೆದು ಐದೇ ನಿಮಿಷಕ್ಕೆ ಸೀಟಿನಲ್ಲಿ ಕೂತೆ. ನೆಲದಿಂದ ರೇಡಿಯೋದಲ್ಲಿ ದಾರಿ, ಎತ್ತರ ಹೇಳುವ ಕಂಟ್ರೋಲರ್ 34 ಸಾವಿರ ಅಡಿ ಅಂದರು. ಅದನ್ನೇ ತಿರುಗಿ ಹೇಳಬೇಕಾದ ನಾನು 36 ಸಾವಿರ ಅಂದೆ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ತಕ್ಷಣ ತಿದ್ದಿದರು. ಕಣ್ಣು ತೆರೆದಿತ್ತು, ತಲೆ ಇನ್ನೂ ಎದ್ದಿರಲಿಲ್ಲ.

ಆ ರಾತ್ರಿ ಮಂಗಳೂರು ನೆನಪಾಯಿತು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಉಳಿದದ್ದು ಎಂಟೇ ಜನ. ಕ್ಯಾಪ್ಟನ್ ಸೀಟಿನಲ್ಲೇ ಸುಮಾರು ಒಂದು ಗಂಟೆ 40 ನಿಮಿಷ ನಿದ್ದೆ ಮಾಡಿದ್ದರು, ಎದ್ದ ಮೇಲೂ ಆ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬಹುದು ಎಂದಿತು ತನಿಖೆ. ಅಲ್ಲಿದ್ದದ್ದು ಇಬ್ಬರೇ ಪೈಲಟ್‌ಗಳು. ಬಂಕ್ ಇರಲಿಲ್ಲ.

ಅಂದಿನಿಂದ ನನ್ನ ಅಲಾರಂ ಪಾಳಿಗೆ 45 ನಿಮಿಷ ಮೊದಲೇ ಹೊಡೆಯುತ್ತದೆ. ದೀಪ ಹಾಕುತ್ತೇನೆ, ನೀರು ಕುಡಿಯುತ್ತೇನೆ, ಬಂಕ್ ಪಕ್ಕದ ಕುರ್ಚಿಯಲ್ಲಿ ಅರ್ಧ ಗಂಟೆ ಸುಮ್ನೆ ಕೂರುತ್ತೇನೆ. ಆಮೇಲೇ ಕಾಕ್‌ಪಿಟ್. ಕಾಫಿ ಕೊನೆಯ ಪಾಳಿಗೆ ಮಾತ್ರ. ವಿಶ್ರಾಂತಿಗೆ ಮೊದಲು ಕುಡಿದರೆ ನಿದ್ದೆ ಹೋದಂತೆಯೇ. ಹೊರಡುವ ದಿನ ಮಧ್ಯಾಹ್ನ ಹೋಟೆಲಿನಲ್ಲಿ ಪರದೆ ಎಳೆದು ಎರಡು ಗಂಟೆ ಮಲಗುತ್ತೇನೆ. ಸಹೋದ್ಯೋಗಿಗಳು ಊರು ಸುತ್ತಲು ಕರೆದರೂ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ಪಾಳಿ ಬದಲಾಗುವಾಗ ಎಷ್ಟು ನಿದ್ದೆಯಾಯಿತು ಅಂತ ನಾನೇ ಮೊದಲು ಬಾಯಿಬಿಟ್ಟು ಹೇಳುತ್ತೇನೆ. "ನನಗೆ ಒಂದೂವರೆ ಗಂಟೆ ಅಷ್ಟೇ." ಕ್ಯಾಪ್ಟನ್ ಆದ ನಾನೇ ಹೇಳದಿದ್ದರೆ ಹೊಸಬರು ಹೇಳುವುದೇ ಇಲ್ಲ. ದಣಿವು ಅಂದರೆ ದುರ್ಬಲ ಅಂದುಕೊಂಡಾರು ಅನ್ನೋ ಭಯ. ಕಳೆದ ಸಲ ಒಬ್ಬ ಹುಡುಗ ಮೆಲ್ಲಗೆ, "ಸರ್, ಕಣ್ಣು ಮುಚ್ಚಲೇ ಇಲ್ಲ" ಅಂದ. ನನ್ನ ಮುಂದಿನ ವಿಶ್ರಾಂತಿಯನ್ನು ಅವನಿಗೆ ಕೊಟ್ಟೆ. ಎರಡು ಗಂಟೆ ಮಲಗಿ ಬಂದ. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಬೆಂಗಳೂರಲ್ಲಿ ಇಳಿಯುವಾಗ ಬೆಳಗಿನ ಜಾವ ಎರಡೂವರೆ. ರಾತ್ರಿ 2ರಿಂದ 6, ದೇಹ ಅತಿ ಜಾಸ್ತಿ ಮಂಕಾಗಿರುವ ಹೊತ್ತು. ಆ ಹೊತ್ತಿನಲ್ಲಿ ನಾನು ಕಾರು ಓಡಿಸುವುದಿಲ್ಲ. ಅಣ್ಣ ಬರುತ್ತಾನೆ. ದೇವನಹಳ್ಳಿಯಿಂದ ಮನೆವರೆಗೆ ಹಿಂದಿನ ಸೀಟಿನಲ್ಲಿ ಮಲಗಿರುತ್ತೇನೆ.