ಲ್ಯಾಟಿನ್ ವಾಕ್ಯ, ನೇರ ಕನ್ನಡಕ್ಕೆ

ಲ್ಯಾಟಿನ್ ಕಲಿಯೋಕೆ ನಾನು ಓದುವ ಪುಸ್ತಕಗಳೆಲ್ಲ ಇಂಗ್ಲಿಷಿನವೇ. ಅಭ್ಯಾಸದ ವಾಕ್ಯಗಳನ್ನು ಮಾತ್ರ ನೇರ ಕನ್ನಡಕ್ಕೇ ತರುತ್ತೇನೆ. ಇಂಗ್ಲಿಷ್ ಓದುಗರಿಗೆ ಪುಟಗಟ್ಟಲೆ ವಿವರಿಸಬೇಕಾದ ವಿಭಕ್ತಿ ನಮಗೆ ಹೊಸದಲ್ಲ ಅಲ್ವಾ? 'ಪುಎಲ್ಲ ರೊಸಮ್ ಅಮತ್' ಅಂದರೆ ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ. 'ಅಮ್' ಅಲ್ಲಿ ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಕ್ರಿಯಾಪದವೂ ಹೆಚ್ಚಾಗಿ ಕೊನೆಗೇ ಬರುತ್ತದೆ.

ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ನನಗೆ ತುಂಬಾ ಉಪಯೋಗಕ್ಕೆ ಬಂತು. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದನು. ರೋಮನ್ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಲಿಯುವವರಿಗಾಗಿ ಪಠ್ಯಪುಸ್ತಕಗಳು ದೀರ್ಘ ಸ್ವರದ ಮೇಲೆ ಗೀಟು ಹಾಕುತ್ತವೆ, ಅಷ್ಟೇ. ನಮಗೆ ಎ, ಏ ಬೇರೆ ಬೇರೆ ಅಕ್ಷರಗಳೇ ಇವೆ. ಪ್ರಶ್ನೆಯೂ ಸಲೀಸು: 'ವೇನಿತ್ನೆ?' ಅಂದರೆ 'ಬಂದನಾ?' ಕೊನೆಗೆ 'ನೆ' ಸೇರಿಸಿದರೆ ಸಾಕು.

ತಲೆ ಕೆಡಿಸುವುದು 'ಪುಎಲ್ಲೈ' ಥರದ ರೂಪಗಳು. ಹುಡುಗಿಯ, ಹುಡುಗಿಗೆ, ಹುಡುಗಿಯರು, ಮೂರಕ್ಕೂ ಅದೇ ರೂಪ! ಅದಕ್ಕೇ ನಾನು ಮೊದಲು ಕ್ರಿಯಾಪದ ನೋಡುತ್ತೇನೆ. 'ಪುಎಲ್ಲೈ ರೊಸಮ್ ದಂತ್' ಎಂದಿದ್ದರೆ ಕ್ರಿಯಾಪದ ಬಹುವಚನ, ಹಾಗಾಗಿ ಹುಡುಗಿಯರು ಗುಲಾಬಿ ಕೊಡುತ್ತಾರೆ. 'ದತ್' ಎಂದಿದ್ದರೆ ಕೊಡುವವರು ಒಬ್ಬರೇ, ಆಗ ಸಾಮಾನ್ಯವಾಗಿ ಹುಡುಗಿಗೆ ಗುಲಾಬಿ ಕೊಡುತ್ತಾನೆ ಎಂದರ್ಥ. ಅಥವಾ ಕೊಡುತ್ತಾಳೆ. ಈ ಕ್ರಿಯಾಪದ ಗಂಡೋ ಹೆಣ್ಣೋ ಹೇಳುವುದಿಲ್ಲ, ಕನ್ನಡಕ್ಕೆ ಅದು ಬೇಕೇ ಬೇಕು. ಹಿಂದಿನ ವಾಕ್ಯ ನೋಡಿ ತೀರ್ಮಾನಿಸಬೇಕು. ಒಂಟಿ ವಾಕ್ಯವಾದರೆ ನಾನು ಎರಡನ್ನೂ ಬರೆದಿಡುತ್ತೇನೆ.

ಕನ್ನಡ ಏನೂ ಸಹಾಯ ಮಾಡದ ಜಾಗ ಗುಣವಾಚಕ. 'ಒಳ್ಳೆಯ' ಎಲ್ಲಿ ಹೋದರೂ 'ಒಳ್ಳೆಯ'ವೇ. ಲ್ಯಾಟಿನ್‌ನಲ್ಲಿ ಅದು ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹಿಂಬಾಲಿಸಬೇಕು. 'ಅಗ್ರಿಕೊಲ', ಅಂದರೆ ರೈತ, ನೋಡಲು 'ಪುಎಲ್ಲ'ದ ಥರವೇ ಇದೆ, ಆದರೆ ಪುಲ್ಲಿಂಗ. ಆದ್ದರಿಂದ 'ಅಗ್ರಿಕೊಲ ಬೊನುಸ್', 'ಅಗ್ರಿಕೊಲಮ್ ಬೊನುಮ್'. ಪ್ರಾಸ ಸಿಗುತ್ತದೆ ಅಂತ ಸುಮ್ನೆ ಜೋಡಿಸುವಂತಿಲ್ಲ. ಇದಕ್ಕೆ ಕಂಠಪಾಠ ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ. ಇಂಥ ಜೋಡಿಗಳನ್ನು ಎಲ್ಲಾ ವಿಭಕ್ತಿಗಳಲ್ಲೂ ಜೋರಾಗಿ ಹೇಳಿಕೊಳ್ಳುತ್ತೇನೆ.

ಕೆಲವು ದಿನ ಬಿಟ್ಟು, ಲ್ಯಾಟಿನ್ ಮುಚ್ಚಿಟ್ಟು, ನನ್ನದೇ ಕನ್ನಡ ವಾಕ್ಯಗಳನ್ನು ಮತ್ತೆ ಲ್ಯಾಟಿನ್‌ಗೆ ತಿರುಗಿಸುತ್ತೇನೆ. ಓದುವಾಗ ಗೊತ್ತಿದೆ ಅನ್ನಿಸಿದ ಪ್ರತ್ಯಯ ನಿಜವಾಗಿ ಗೊತ್ತಿದೆಯೋ ಇಲ್ಲವೋ ಅನ್ನುವುದು ಅಲ್ಲೇ ಬಯಲಾಗುತ್ತದೆ.